ಸೈಕಲ್ ದುರಸ್ತಿಗೆ ಮನೆಯಲ್ಲೇ ಒಂದು ಕಂಬ

ರೈತನ ಮನೆಯಲ್ಲಿ ನೇಗಿಲು, ಕುಂಟೆ, ಕೂರಿಗೆಗಳಿಗೆ ವರ್ಷಕ್ಕೊಮ್ಮೆಯಾದರೂ ತಪ್ಪದೆ ದುರಸ್ತಿ ನಡೆಯುತ್ತದೆ. ಮೃಗಶಿರ ಮಳೆ ಬೀಳುವ ಮೊದಲೇ ಬಡಿಗನ ಮನೆಗೂ ಕಮ್ಮಾರನ ಕುಲುಮೆಗೂ ಹೋಗಿ ಬರುತ್ತೇವೆ. ಆದರೆ ವರ್ಷದ ಹನ್ನೆರಡು ತಿಂಗಳೂ ದುಡಿಯುವ ಸೈಕಲ್ಲಿಗೆ ಮಾತ್ರ ಈ ಮರ್ಯಾದೆ ಸಿಗುವುದಿಲ್ಲ. ಅದು ನಡೆಯುವಷ್ಟು ದಿನ ನಡೆಯುತ್ತದೆ. ನಿಂತ ದಿನ ಗೋಡೆಗೆ ಒರಗುತ್ತದೆ.

ಬಸವಕಲ್ಯಾಣ ಮತ್ತು ಹುಮನಾಬಾದ್ ಭಾಗದ ಹಳ್ಳಿಗಳಲ್ಲಿ ಸೈಕಲ್ಲಿನ ಉಪಯೋಗ ಸಣ್ಣದಲ್ಲ. ಹೊಲಕ್ಕೆ ಬುತ್ತಿ ಒಯ್ಯಲು, ಡೇರಿಗೆ ಹಾಲಿನ ಕ್ಯಾನು ಮುಟ್ಟಿಸಲು, ಹಿಟ್ಟಿನ ಗಿರಣಿಗೆ ಜೋಳ ಒಯ್ಯಲು, ಹೆದ್ದಾರಿಯ ಬಸ್ಸು ಹಿಡಿಯಲು ಅದು ಬೇಕು. ಈಗ ಅನೇಕ ಮನೆಗಳಿಗೆ ಮೋಟಾರ್ ಸೈಕಲ್ ಬಂದಿದೆ, ನಿಜ. ಆದರೆ ಮನೆಗೆ ಒಂದೇ ಮೋಟಾರ್ ಸೈಕಲ್ ಇದ್ದರೆ ಅದು ಒಬ್ಬರ ಕೈಯಲ್ಲಿರುತ್ತದೆ. ಉಳಿದವರಿಗೆ, ಅಂದರೆ ಹೈಸ್ಕೂಲಿಗೆ ಹೋಗುವ ಮಗಳಿಗೆ, ಕೂಲಿಗೆ ಹೋಗುವ ತಮ್ಮನಿಗೆ, ಸೈಕಲ್ಲೇ ಗತಿ.

ಒಳ್ಳೆಯ ಸೈಕಲ್ಲು ದೊಡ್ಡ ಪೆಟ್ಟಿನಿಂದ ಹಾಳಾಗುವುದು ಅಪರೂಪ. ಹತ್ತು ನಿಮಿಷದಲ್ಲಿ ಮುಗಿಯುವ ಸಣ್ಣ ಕೆಲಸಗಳನ್ನು ಮುಂದೂಡುವುದರಿಂದಲೇ ಅದು ಹಾಳಾಗುತ್ತದೆ. ಆ ಕೆಲಸ ಮುಂದೆ ಬೀಳಲು ಮುಖ್ಯ ಕಾರಣ, ಸೈಕಲ್ಲನ್ನು ಅಲುಗಾಡದಂತೆ, ಸೊಂಟದ ಎತ್ತರಕ್ಕೆ, ಎರಡೂ ಚಕ್ರ ತಿರುಗುವಂತೆ ಹಿಡಿದು ನಿಲ್ಲಿಸುವ ಸಾಧನ ಮನೆಯಲ್ಲಿ ಇಲ್ಲದಿರುವುದು. ಅಂಥ ಸಾಧನವನ್ನು ಹಿತ್ತಲಿನ ಜಾಲಿ ಕಟ್ಟಿಗೆಯಿಂದ ಒಂದೇ ದಿನದಲ್ಲಿ ಮಾಡಿಕೊಳ್ಳುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಸೈಕಲ್ ಮೂಲೆ ಸೇರುವುದೇಕೆ?

ನಮ್ಮ ಭಾಗದಲ್ಲಿ ಸೈಕಲ್ಲಿಗೆ ಮೂರು ಶತ್ರುಗಳಿವೆ. ಮೊದಲನೆಯದು ಎರೆ ಮಣ್ಣು. ಮುಂಗಾರಿನಲ್ಲಿ ಉದ್ದು, ಹೆಸರು, ಸೋಯಾ ಅವರೆ, ತೊಗರಿಯ ಹೊಲಗಳಿಗೆ ಹೋಗುವ ದಾರಿಯಲ್ಲಿ ಈ ಮಣ್ಣು ಟೈರಿಗೂ ಮಡ್ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಅದನ್ನು ಹಾಗೆಯೇ ಒಣಗಲು ಬಿಟ್ಟರೆ ಕಲ್ಲಿನಂತಾಗುತ್ತದೆ. ಒಳಗೆ ತೇವ ಉಳಿದು ರಿಮ್ಮು, ಕಡ್ಡಿ, ಮಡ್ಗಾರ್ಡು ತುಕ್ಕು ಹಿಡಿಯುತ್ತವೆ. ಎರಡನೆಯದು ಮುಳ್ಳು. ಜಾಲಿ, ಬಳ್ಳಾರಿ ಜಾಲಿ, ನೆಗ್ಗಿಲು ಇವು ಮೂರೂ ಟ್ಯೂಬನ್ನು ಸುಲಭವಾಗಿ ಚುಚ್ಚುತ್ತವೆ. ಮೂರನೆಯದು ಬೇಸಿಗೆಯ ದೂಳು. ಚೈನಿನ ಎಣ್ಣೆಗೆ ದೂಳು ಸೇರಿದರೆ ಅದು ಅರದಂತೆ ಕೆಲಸ ಮಾಡಿ ಚೈನನ್ನೂ ಹಲ್ಲಿನ ಚಕ್ರವನ್ನೂ ತಿನ್ನುತ್ತದೆ.

ಇವುಗಳಲ್ಲಿ ಯಾವುದೂ ಒಂದು ದಿನದಲ್ಲಿ ಸೈಕಲ್ಲನ್ನು ಕೊಲ್ಲುವುದಿಲ್ಲ. ಒಂದು ಕಡ್ಡಿ ಸಡಿಲಾಗುತ್ತದೆ, ಬಿಗಿ ಮಾಡದಿದ್ದರೆ ಪಕ್ಕದ ಕಡ್ಡಿಯ ಮೇಲೆ ಭಾರ ಬಿದ್ದು ಅದು ಮುರಿಯುತ್ತದೆ, ರಿಮ್ಮು ಓಲುತ್ತದೆ, ಓಲುವ ರಿಮ್ಮು ಬ್ರೇಕಿಗೆ ತಾಗುತ್ತದೆಂದು ಬ್ರೇಕನ್ನೇ ಕಳಚಿಡುತ್ತಾರೆ. ಕೊನೆಗೆ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಮಕ್ಕಳನ್ನು ಕಳಿಸಲು ಹೆದರಿ ಅದನ್ನು ಮೂಲೆಗೆ ತಳ್ಳುತ್ತಾರೆ. ಒಂದು ಕಡ್ಡಿಯ ಕಾಲು ಸುತ್ತಿನ ಬಿಗಿತ ಉಳಿಸಬಹುದಾಗಿದ್ದ ಸೈಕಲ್ಲು ಹೀಗೆ ಕೈತಪ್ಪುತ್ತದೆ.

ಕರ್ನಾಟಕ ಸರ್ಕಾರ 2006-07ರಲ್ಲಿ ಪ್ರೌಢಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿ ಹಲವು ವರ್ಷ ನಡೆಸಿತು. ಊರಿನಲ್ಲಿ ಹೈಸ್ಕೂಲಿಲ್ಲದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಏಳನೇ ತರಗತಿಗೆ ಓದು ನಿಲ್ಲಿಸದೆ ಮುಂದಿನ ಊರಿಗೆ ಹೋಗಿ ಕಲಿಯಲಿ ಎಂಬುದು ಅದರ ಉದ್ದೇಶ. ಅಂಥ ಸೈಕಲ್ಲುಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಅಕ್ಕನಿಂದ ತಂಗಿಗೆ, ತಂಗಿಯಿಂದ ತಮ್ಮನಿಗೆ ಬಂದಿವೆ. ಇವುಗಳ ಚೌಕಟ್ಟು ಗಟ್ಟಿ. ಕೆಟ್ಟಿರುವುದು ಟ್ಯೂಬು, ಬ್ರೇಕ್ ರಬ್ಬರು, ಚೈನು, ಕಡ್ಡಿ ಇಷ್ಟೇ. ಮನೆಯಲ್ಲೇ ದುರಸ್ತಿ ಸಾಧ್ಯವಾದರೆ ಇಂಥ ಸೈಕಲ್ಲು ಇನ್ನೂ ಒಂದಿಬ್ಬರು ಮಕ್ಕಳನ್ನು ಹೈಸ್ಕೂಲು ದಾಟಿಸಬಲ್ಲದು.

ಹಿಂದೆ ಊರೂರಿಗೆ ಸೈಕಲ್ ಅಂಗಡಿ ಇತ್ತು. ಗಂಟೆ ಲೆಕ್ಕದಲ್ಲಿ ಬಾಡಿಗೆಗೂ ಸೈಕಲ್ ಸಿಗುತ್ತಿತ್ತು. ಈಗ ಅಂಥ ಅಂಗಡಿಗಳು ಕಡಿಮೆಯಾಗಿವೆ. ಇದ್ದವರಲ್ಲಿ ಅನೇಕರು ಮೋಟಾರ್ ಸೈಕಲ್ ಕೆಲಸಕ್ಕೆ ತಿರುಗಿದ್ದಾರೆ. ಒಂದು ಪಂಚರಿಗಾಗಿ ಸೈಕಲ್ಲನ್ನು ಟೆಂಪೋದಲ್ಲಿ ಹಾಕಿ ಪಟ್ಟಣಕ್ಕೆ ಒಯ್ದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಸಣ್ಣ ಕೆಲಸಗಳನ್ನಾದರೂ ಮನೆಯಲ್ಲಿ ಕಲಿಯುವುದು ಲಾಭದಾಯಕ.

ತಲೆಕೆಳಗೆ ನಿಲ್ಲಿಸಿದರೆ ಸಾಲದೇ?

ಸಾಮಾನ್ಯವಾಗಿ ಸೈಕಲ್ಲನ್ನು ತಲೆಕೆಳಗೆ ಮಾಡಿ, ಸೀಟು ಮತ್ತು ಹ್ಯಾಂಡಲ್ಲಿನ ಮೇಲೆ ನಿಲ್ಲಿಸಿ ಕೆಲಸ ಮಾಡುವುದು ರೂಢಿ. ಅವಸರದ ಪಂಚರಿಗೆ ಇದು ಸರಿ. ಆದರೆ ಬ್ರೇಕ್ ಹೊಂದಿಸಲು, ಚೈನ್ ಬಿಗಿಯಲು ಇದು ಸರಿಯಾದ ಕ್ರಮವಲ್ಲ. ಸೀಟು ಹರಿಯುತ್ತದೆ, ಬೆಲ್ಲು, ಬ್ರೇಕಿನ ಸರಳು ಬಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಕೆಲಸ ಮಾಡುವವರು ಕುಕ್ಕುರುಗಾಲಿನಲ್ಲಿ ಕೂರಬೇಕಾಗುತ್ತದೆ. ಎಡ ಬಲ ತಿಳಿಯದೆ ನಟ್ಟನ್ನು ತಪ್ಪು ಕಡೆಗೆ ತಿರುಗಿಸುವುದೂ ಉಂಟು.

ಹಿಂದಿನ ಚಕ್ರಕ್ಕೆ ಇರುವ ಡಬಲ್ ಸ್ಟ್ಯಾಂಡು ಹಿಂಬದಿಯನ್ನು ಮಾತ್ರ ನೆಲದಿಂದ ಸ್ವಲ್ಪ ಎತ್ತುತ್ತದೆ. ಮುಂದಿನ ಚಕ್ರ ನೆಲದಲ್ಲೇ ಇರುತ್ತದೆ, ಪಾನಾ ಹಾಕಿ ಜಗ್ಗಿದರೆ ಸೈಕಲ್ಲು ಸರಿಯುತ್ತದೆ. ಪಕ್ಕದ ಒಂಟಿ ಸ್ಟ್ಯಾಂಡಿನಿಂದ ಅಷ್ಟೂ ಅನುಕೂಲವಿಲ್ಲ.

ಖರ್ಚಿಲ್ಲದ ಮೊದಲ ಉಪಾಯ: ಹಗ್ಗ

ಕಂಬ ಮಾಡುವ ಮೊದಲು ಹಗ್ಗದ ಉಪಾಯವನ್ನು ಪ್ರಯತ್ನಿಸಿ ನೋಡಬಹುದು. ದನದ ಕೊಟ್ಟಿಗೆಯ ಗಟ್ಟಿ ತೊಲೆಗೆ ಅಥವಾ ಬೇವಿನ ಬಲವಾದ ಕೊಂಬೆಗೆ ಎರಡು ಅಡಿ ಅಂತರದಲ್ಲಿ ಎರಡು ಹಗ್ಗ ಕಟ್ಟಿ. ಒಂದರ ಕುಣಿಕೆಯನ್ನು ಸೀಟಿನ ಕೆಳಗಿನ ಸರಳಿಗೂ ಇನ್ನೊಂದನ್ನು ಹ್ಯಾಂಡಲ್ಲಿನ ನಡುಭಾಗಕ್ಕೂ ಹಾಕಿ ಸೈಕಲ್ಲನ್ನು ತೂಗುಬಿಡಿ. ಪೆಡಲು ತಿರುಗುವ ಅಚ್ಚು ನಿಮ್ಮ ಸೊಂಟದ ಮಟ್ಟಕ್ಕೆ ಬರಲಿ. ತೂಗಾಡದಂತೆ ಚೌಕಟ್ಟಿನ ಕೆಳಭಾಗವನ್ನು ಇನ್ನೊಂದು ಹಗ್ಗದಿಂದ ಹತ್ತಿರದ ಕಂಬಕ್ಕೆ ಬಿಗಿಯಿರಿ.

ಪಂಚರ್ ಹಾಕಲು, ಚೈನಿಗೆ ಎಣ್ಣೆ ಬಿಡಲು, ಮಣ್ಣು ತೊಳೆಯಲು ಇಷ್ಟು ಸಾಕು. ಆದರೆ ನಟ್ಟು ಜಗ್ಗಿ ಬಿಗಿಯುವಾಗ ಸೈಕಲ್ಲು ತಿರುಗುತ್ತದೆ. ಚಕ್ರದ ಓಲಾಟ ನೋಡಿ ಸರಿಪಡಿಸುವ ಕೆಲಸಕ್ಕೂ ಇದು ನಿಲ್ಲುವುದಿಲ್ಲ. ಅದಕ್ಕೆ ಕಂಬವೇ ಬೇಕು.

ಕಂಬದ ತತ್ವ

ಇಂಗ್ಲೆಂಡಿನ ಸ್ಟಾರ್ಲಿ ಎಂಬುವರು 1885ರಲ್ಲಿ ಎರಡು ಸಮ ಚಕ್ರಗಳ, ಹಿಂದಿನ ಚಕ್ರಕ್ಕೆ ಚೈನಿರುವ ‘ರೋವರ್’ ಸೈಕಲ್ಲನ್ನು ತಂದರು. 1888ರಲ್ಲಿ ಡನ್‌ಲಪ್ ಅವರ ಗಾಳಿ ತುಂಬಿದ ಟೈರು ಬಂದಿತು. ನಮ್ಮ ಸಾದಾ ಸೈಕಲ್ಲಿನ ರೂಪ ಅಲ್ಲಿಂದ ಇಲ್ಲಿಯವರೆಗೆ ಹೆಚ್ಚು ಬದಲಾಗಿಲ್ಲ. ಇದರಿಂದ ನಮಗೆ ಒಂದು ಅನುಕೂಲ: ಒಂದು ಅಳತೆಯಲ್ಲಿ ಮಾಡಿದ ಕಂಬ ಊರಿನ ಹೆಚ್ಚು ಕಡಿಮೆ ಎಲ್ಲ ಸೈಕಲ್ಲುಗಳಿಗೂ ಹೊಂದುತ್ತದೆ.

ಗಂಡಸರ ಸೈಕಲ್ಲಿನಲ್ಲಿ ಸೀಟಿನಿಂದ ಹ್ಯಾಂಡಲ್ಲಿನವರೆಗೆ ಮೇಲೊಂದು ಅಡ್ಡ ನಳಿಗೆ ಇದೆ. ಸೈಕಲ್ಲಿನ ತೂಕವೆಲ್ಲ ಈ ನಳಿಗೆಗಿಂತ ಕೆಳಗೆ ಇರುವುದರಿಂದ, ನಳಿಗೆಯನ್ನು ಕೆಳಗಿನಿಂದ ಆನಿಸಿ ಹಿಡಿದರೆ ಸೈಕಲ್ಲು ತೂಗುಹಾಕಿದಂತೆ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ಇಕ್ಕುಳದಂತೆ ಒತ್ತಿ ಹಿಡಿಯುವ ಅವಶ್ಯಕತೆಯಿಲ್ಲ. ಇದೇ ನಮ್ಮ ಕಂಬದ ತತ್ವ. ನೆಲದಲ್ಲಿ ಹೂತ ಒಂದು ಕಂಬ; ಅದರ ತುದಿಯಿಂದ ಮುಂದಕ್ಕೆ ಚಾಚಿದ ಎರಡು ತೋಳು; ತೋಳುಗಳ ಮೇಲೆ ಅಡ್ಡಲಾಗಿ ಒಂದು ಮಣೆ. ಮಣೆಯ ಮೇಲಿನ ಸಂದಿನಲ್ಲಿ ಅಡ್ಡ ನಳಿಗೆ ಕೂರುತ್ತದೆ.

ಬೇಕಾಗುವ ಸಾಮಾನು

1. ಕಂಬ: 6½ ಅಡಿ ಉದ್ದ, 4 ಅಂಗುಲ ಚೌಕ ಅಥವಾ ಅಷ್ಟೇ ದಪ್ಪದ ನೆಟ್ಟಗಿನ ಬಡ್ಡೆ, ಒಂದು.
2. ತೋಳು: 20 ಅಂಗುಲ ಉದ್ದ, 4 ಅಂಗುಲ ಅಗಲ, 1½ ಅಂಗುಲ ದಪ್ಪ; ಎರಡು.
3. ಮಣೆ: 16 ಅಂಗುಲ ಉದ್ದ, 4 ಅಂಗುಲ ಅಗಲ, 2 ಅಂಗುಲ ದಪ್ಪ, ಒಂದು.
4. ಅಂಚುಪಟ್ಟಿ: 16 ಅಂಗುಲ ಉದ್ದ, 1 ಅಂಗುಲ ಚೌಕ, ಎರಡು.
5. ಆನಿಕೆ: 15 ಅಂಗುಲ ಉದ್ದ, 4 ಅಂಗುಲ ಅಗಲ, 2 ಅಂಗುಲ ದಪ್ಪ, ಒಂದು.
6. ಬೋಲ್ಟು: 8 ಅಂಗುಲ ಉದ್ದ, 3/8 ಅಂಗುಲ ದಪ್ಪ; ಮೂರು. ಪ್ರತಿಯೊಂದಕ್ಕೆ ನಟ್ಟು ಮತ್ತು ಎರಡು ವಾಷರು.
7. ಮೊಳೆ: 4 ಅಂಗುಲದವು ಆರು, 2 ಅಂಗುಲದವು ಎಂಟು.
8. ಹಳೆಯ ಸೈಕಲ್ ಟೈರಿನ ತುಂಡು ಎರಡು ಅಡಿ. ಹಳೆಯ ಟ್ಯೂಬು ಒಂದು.
9. ಕಂಬ ಹೂಳಲು ಕಲ್ಲು ಮತ್ತು ಮೊರಂ.

ಒಂದು ಅಂಗುಲಕ್ಕೆ ಎರಡೂವರೆ ಸೆಂಟಿಮೀಟರ್ ಎಂದು ಹಿಡಿದರೆ ಸಾಕು. ಕಟ್ಟಿಗೆ ಜಾಲಿಯದಾದರೆ ಉತ್ತಮ. ಅದು ಗಟ್ಟಿ ಮತ್ತು ನಮ್ಮಲ್ಲಿ ಹೇರಳ. ಟ್ಯೂಬು ಚುಚ್ಚಿದ ಮರವೇ ಸೈಕಲ್ಲನ್ನು ಎತ್ತಿ ಹಿಡಿಯಲಿ. ಹಸಿ ಕಟ್ಟಿಗೆ ಬೇಡ. ಒಣಗಿದಂತೆ ಕುಗ್ಗಿ ಬೋಲ್ಟುಗಳು ಸಡಿಲಾಗುತ್ತವೆ. ಮುರಿದ ಚಕ್ಕಡಿಯ ನೊಗ, ಹಳೆಯ ಬಾಗಿಲ ಚೌಕಟ್ಟು, ಕಿತ್ತ ತೊಲೆ ಇದ್ದರೆ ಅವನ್ನೂ ಉಪಯೋಗಿಸಬಹುದು. ಮನೆಯಲ್ಲಿ ಕಟ್ಟಿಗೆ ಇದ್ದವರು ದುಡ್ಡು ಕೊಟ್ಟು ತರಬೇಕಾದ್ದು ಬೋಲ್ಟು ಮತ್ತು ಮೊಳೆ ಮಾತ್ರ.

ಮಾಡುವ ವಿಧಾನ

1. ಕಂಬದ ತುದಿಯಲ್ಲಿ ಎದುರುಬದುರಿನ ಎರಡು ಮೈಗಳನ್ನು ಬಾಚಿಯಿಂದ ಸಮತಟ್ಟು ಮಾಡಿ. ತೋಳುಗಳು ಅಲ್ಲಿ ಸಂದಿಲ್ಲದೆ ಕೂರಬೇಕು.

2. ಎರಡು ತೋಳುಗಳನ್ನು ಕಂಬದ ಎರಡು ಬದಿಗೆ ಹಚ್ಚಿ. ತೋಳಿನ ಮೇಲಂಚು ಕಂಬದ ತಲೆಗೆ ಸಮನಾಗಿರಲಿ. ತೋಳು ಕಂಬದ ಹಿಂದಕ್ಕೆ 2 ಅಂಗುಲ, ಮುಂದಕ್ಕೆ 14 ಅಂಗುಲ ಚಾಚಿರಬೇಕು. ಮುಂದಿನ ಈ ಅಳತೆಯನ್ನು ಕಡಿಮೆ ಮಾಡಬಾರದು. ಮಾಡಿದರೆ ಪೆಡಲು ತಿರುಗುವಾಗ ಕಂಬಕ್ಕೆ ಬಡಿಯುತ್ತದೆ.

3. ತೋಳು, ಕಂಬ, ತೋಳು ಮೂರನ್ನೂ ಹಾಯುವಂತೆ ಬೈರಿಗೆಯಿಂದ ಎರಡು ತೂತು ಕೊರೆಯಿರಿ. ಎರಡೂ ಒಂದೇ ಸಾಲಿನಲ್ಲಿರದೆ ಒಂದು ಮೇಲೆ, ಒಂದು ಕೆಳಗೆ ಓರೆಯಾಗಿರಲಿ. ಹೀಗಿದ್ದರೆ ತೋಳು ಜೋತು ಬೀಳುವುದಿಲ್ಲ. ಬೋಲ್ಟು ತೂರಿಸಿ ವಾಷರ್ ಹಾಕಿ ಬಿಗಿಯಿರಿ.

4. ತೋಳಿನ ಕೆಳಗಿನ ಅಂಚಿನಿಂದ 12 ಅಂಗುಲ ಕೆಳಗೆ, ಕಂಬದ ಮುಂಭಾಗದಲ್ಲಿ 1 ಅಂಗುಲ ಆಳದ ಕಚ್ಚು ಹೊಡೆಯಿರಿ. ಆನಿಕೆಯ ಕೆಳತುದಿಯನ್ನು ಓರೆಯಾಗಿ ಕತ್ತರಿಸಿ ಈ ಕಚ್ಚಿನಲ್ಲಿ ಕೂರಿಸಿ 4 ಅಂಗುಲದ ಎರಡು ಮೊಳೆ ಹೊಡೆಯಿರಿ. ಮೇಲ್ತುದಿ ಎರಡು ತೋಳುಗಳ ನಡುವೆ ಬರುತ್ತದೆ. ಅಲ್ಲಿ ಮೂರನೆಯ ಬೋಲ್ಟನ್ನು ತೂರಿಸಿ ಬಿಗಿಯಿರಿ. ತೋಳಿನ ಭಾರ ಮೊಳೆಯ ಮೇಲೆ ಬೀಳದೆ ಕಚ್ಚಿನ ಮೇಲೆ ಬೀಳಬೇಕು. ಆದ್ದರಿಂದ ಕಚ್ಚು ಬಿಗಿಯಾಗಿರುವಂತೆ ನೋಡಿಕೊಳ್ಳಿ.

5. ಮಣೆಯನ್ನು ತೋಳುಗಳ ತುದಿಯಲ್ಲಿ ಅಡ್ಡಲಾಗಿ ಇಟ್ಟು ನಾಲ್ಕು ಮೊಳೆಗಳಿಂದ ಭದ್ರಪಡಿಸಿ. ಜಾಲಿ ಕಟ್ಟಿಗೆಗೆ ಸಣ್ಣ ತೂತು ಕೊರೆಯದೆ ಮೊಳೆ ಹೊಡೆದರೆ ಸೀಳು ಬಿಡುತ್ತದೆ. ಮಣೆಯ ಎರಡು ತುದಿಗಳು ಎರಡೂ ಬದಿಗೆ ಸಮನಾಗಿ ಹೊರಚಾಚಿರಲಿ.

6. ಮಣೆಯ ಮೇಲೆ ಎರಡು ಅಂಚುಪಟ್ಟಿಗಳನ್ನು ಉದ್ದಕ್ಕೆ ಹೊಡೆಯಿರಿ. ಅವುಗಳ ನಡುವೆ 1¾ ಅಂಗುಲ ಸಂದು ಬಿಡಿ. ಈ ಸಂದಿನೊಳಗೆ ಟೈರಿನ ತುಂಡನ್ನು ದೋಣಿಯಂತೆ ಬಾಗಿಸಿ ಕೂರಿಸಿ, ಅಂಚನ್ನು ಪಟ್ಟಿಗಳ ಮೇಲೆ ಮಡಿಸಿ ಸಣ್ಣ ಮೊಳೆಯಿಂದ ಹಿಡಿಸಿ. ಮೊಳೆಯ ತಲೆ ನಳಿಗೆಗೆ ತಾಗಬಾರದು. ಟೈರಿನ ಅಂಚಿನಲ್ಲಿ ಉಕ್ಕಿನ ತಂತಿ ಇರುವುದರಿಂದ ಮೊದಲೇ ಅದನ್ನು ಕತ್ತರಿಸಿ ತೆಗೆಯಿರಿ. ಇಲ್ಲವಾದರೆ ಸೈಕಲ್ಲಿನ ಬಣ್ಣ ಕೆರೆದು ಹೋಗುತ್ತದೆ.

7. ಟ್ಯೂಬನ್ನು ಉದ್ದಕ್ಕೆ ಸೀಳಿ ಒಂದು ಅಂಗುಲ ಅಗಲದ ಪಟ್ಟಿಗಳನ್ನು ಮಾಡಿ ಮಣೆಯ ಎರಡೂ ತುದಿಗೆ ಒಂದೊಂದು ಕಟ್ಟಿಡಿ. ಸೈಕಲ್ಲು ಇಟ್ಟ ಮೇಲೆ ಇವುಗಳಿಂದ ನಳಿಗೆಯನ್ನು ಮಣೆಗೆ ಬಿಗಿದರೆ ಮುಂದೆ ಹಿಂದೆ ವಾಲುವುದಿಲ್ಲ. ಇನ್ನೊಂದು ಪಟ್ಟಿಯಿಂದ ಹ್ಯಾಂಡಲ್ಲನ್ನು ಚೌಕಟ್ಟಿಗೆ ಕಟ್ಟಿದರೆ ಮುಂದಿನ ಚಕ್ರ ತಿರುಗಿ ಬಡಿಯುವುದಿಲ್ಲ.

ಎರೆ ಭೂಮಿಯಲ್ಲಿ ಕಂಬ ಹೂಳುವ ಕ್ರಮ

ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದೇ ಮಣ್ಣನ್ನು ಗುಂಡಿಗೆ ತುಂಬಿದರೆ ಕಂಬ ಒಂದೇ ವರ್ಷದಲ್ಲಿ ಅಲುಗಾಡತೊಡಗುತ್ತದೆ. ಆದ್ದರಿಂದ 2½ ಅಡಿ ಆಳ, 1½ ಅಡಿ ಅಗಲದ ಗುಂಡಿ ತೋಡಿ, ಅಗೆದ ಎರೆ ಮಣ್ಣನ್ನು ದೂರ ಹಾಕಿ. ಗುಂಡಿಗೆ ಕಲ್ಲು ಮತ್ತು ಮೊರಂ ತುಂಬಬೇಕು. ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ಹಾರೆಯಿಂದ ದಮ್ಮಸು ಮಾಡಬೇಕು. ಕೆಂಪು ಜಂಬಿಟ್ಟಿಗೆ ನೆಲವಿರುವ ಊರುಗಳಲ್ಲಿ ಅಗೆದ ಗರಸನ್ನೇ ಮರಳಿ ತುಂಬಬಹುದು.

ಸೈಕಲ್ಲಿನ ಭಾರ ಕಂಬವನ್ನು ಮುಂದಕ್ಕೆ ಎಳೆಯುತ್ತದೆ. ಆಗ ಕಂಬ ನೆಲಮಟ್ಟದಲ್ಲಿ ಮುಂದಕ್ಕೂ ಗುಂಡಿಯ ತಳದಲ್ಲಿ ಹಿಂದಕ್ಕೂ ಒತ್ತುತ್ತದೆ. ಆದ್ದರಿಂದ ಒಂದು ಅಗಲವಾದ ಚಪ್ಪಡಿ ಕಲ್ಲನ್ನು ಗುಂಡಿಯ ತಳದಲ್ಲಿ ಕಂಬದ ಹಿಂದೆ, ಇನ್ನೊಂದನ್ನು ನೆಲಮಟ್ಟಕ್ಕೆ ಕಂಬದ ಮುಂದೆ ನಿಲ್ಲಿಸಿ. ಈ ಎರಡು ಕಲ್ಲು ಇದ್ದರೆ ಸಿಮೆಂಟು ಬೇಕಿಲ್ಲ.

ಹೂಳುವ ಭಾಗಕ್ಕೆ ಗೆದ್ದಲು ಹಿಡಿಯದಂತೆ ಅದನ್ನು ಬೆಂಕಿಯಲ್ಲಿ ಹೊರಮೈ ಕಪ್ಪಾಗುವಷ್ಟು ಸುಟ್ಟು, ಆರಿದ ಮೇಲೆ ಡಾಂಬರು ಬಳಿಯಿರಿ. ನೆಲಮಟ್ಟದಿಂದ ಅರ್ಧ ಅಡಿ ಮೇಲಿನವರೆಗೂ ಬಳಿಯಬೇಕು. ಕಂಬ ಕೊಳೆಯುವುದು ಹೆಚ್ಚಾಗಿ ನೆಲಮಟ್ಟದಲ್ಲೇ. ಕಂಬದ ಸುತ್ತ ನೀರು ನಿಲ್ಲದಂತೆ ನೆಲವನ್ನು ಇಳಿಜಾರು ಮಾಡಿ.

ಹೀಗೆ ಹೂತಾಗ ನೆಲದ ಮೇಲೆ ನಾಲ್ಕು ಅಡಿ ಕಂಬ ಉಳಿಯುತ್ತದೆ. ಸೈಕಲ್ಲು ಏರಿಸಿದಾಗ ಚಕ್ರಗಳು ನೆಲದಿಂದ ಸುಮಾರು ಒಂದೂವರೆ ಅಡಿ ಮೇಲಿರುತ್ತವೆ. ಪೆಡಲಿನ ಅಚ್ಚು ಎರಡೂವರೆ ಅಡಿ ಎತ್ತರದಲ್ಲಿ ಬರುತ್ತದೆ. ನಿಂತು ಕೆಲಸ ಮಾಡಲು ಇದು ತಕ್ಕ ಎತ್ತರ. ಕೆಲಸ ಮಾಡುವವರು ಗಿಡ್ಡವಾಗಿದ್ದರೆ ಅಥವಾ ಹೈಸ್ಕೂಲಿನ ಮಕ್ಕಳಾಗಿದ್ದರೆ ಕಂಬವನ್ನು ಅರ್ಧ ಅಡಿ ಕಡಿಮೆ ಇಟ್ಟುಕೊಳ್ಳಬಹುದು.

ಹೆಣ್ಣುಮಕ್ಕಳ ಸೈಕಲ್ಲಿಗೆ

ಹೆಣ್ಣುಮಕ್ಕಳ ಸೈಕಲ್ಲಿನಲ್ಲಿ ಮೇಲಿನ ಅಡ್ಡ ನಳಿಗೆ ಇರುವುದಿಲ್ಲ. ಶಾಲೆಗೆ ಹೋಗುವ ಸೈಕಲ್ಲುಗಳಲ್ಲಿ ಇಂಥವೇ ಬಹಳ. ಆದ್ದರಿಂದ ಕಂಬದ ಜೊತೆಗೆ ಒಂದು ಬಿಡಿ ನಳಿಗೆಯನ್ನೂ ಮಾಡಿಡಬೇಕು. ಒಂದೂಕಾಲು ಅಂಗುಲ ದಪ್ಪದ, 30 ಅಂಗುಲ ಉದ್ದದ ಗಟ್ಟಿ ಬಿದಿರು ಅಥವಾ ಹಳೆಯ ನೀರಿನ ಪೈಪು ಇದಕ್ಕೆ ಸಾಕು. ಎರಡೂ ತುದಿಗೆ ಗಟ್ಟಿ ಹಗ್ಗದ ಕುಣಿಕೆ ಕಟ್ಟಿ. ಹಗ್ಗ ಜಾರದಂತೆ ಬಿದಿರಿಗೆ ತುದಿಯಿಂದ ಎರಡು ಅಂಗುಲ ಒಳಗೆ ಕಚ್ಚು ಮಾಡಿ. ಪೈಪಾದರೆ ತೂತು ಕೊರೆದು ಹಗ್ಗ ಪೋಣಿಸಿ.

ಒಂದು ಕುಣಿಕೆಯನ್ನು ಸೀಟಿನ ಕೆಳಗಿನ ಸರಳಿಗೆ, ಇನ್ನೊಂದನ್ನು ಹ್ಯಾಂಡಲ್ಲಿನ ಕುತ್ತಿಗೆಗೆ ಸುತ್ತಿ ಬಿಗಿದರೆ ಗಂಡಸರ ಸೈಕಲ್ಲಿನಂತೆಯೇ ಮೇಲೊಂದು ಅಡ್ಡ ನಳಿಗೆ ಬಂದಂತಾಗುತ್ತದೆ. ಇದನ್ನು ಮಣೆಯ ಸಂದಿನಲ್ಲಿ ಇಟ್ಟು ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಬ್ರೇಕಿನ ತಂತಿ ಕುಣಿಕೆಯೊಳಗೆ ಸಿಕ್ಕಿ ಒತ್ತಿಕೊಳ್ಳದಂತೆ ನೋಡಿ.

ಉಪಯೋಗಿಸುವ ಮೊದಲು ಪರೀಕ್ಷೆ

ಸಾದಾ ಸೈಕಲ್ಲು ಸುಮಾರು 20 ಕಿಲೋ ತೂಗುತ್ತದೆ. ಕ್ಯಾರಿಯರು, ಸ್ಟ್ಯಾಂಡು ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ಪಾನಾ ಹಾಕಿ ಜಗ್ಗುವಾಗ ಕಂಬದ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಆದ್ದರಿಂದ 50 ಕಿಲೋ ಜೋಳದ ಚೀಲವನ್ನು ಮಣೆಯಿಂದ ತೂಗುಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೋಳು ಜೋತಿರಬಾರದು, ಕಂಬ ವಾಲಿರಬಾರದು, ಕಟ್ಟಿಗೆ ಸೀಳಿರಬಾರದು. ಬಳಿಕ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಮಕ್ಕಳು ಮಣೆಯ ಮೇಲೆ ಜೋತಾಡದಂತೆ ಎಚ್ಚರ ವಹಿಸಬೇಕು.

ಸೈಕಲ್ಲನ್ನು ಏರಿಸುವಾಗ ಚೈನಿರುವ ಬದಿ ನಿಮ್ಮ ಕಡೆಗೆ, ಇನ್ನೊಂದು ಬದಿ ಕಂಬದ ಕಡೆಗೆ ಇರಲಿ. ಮಕ್ಕಳು ಇಬ್ಬರು ಸೇರಿ ಎತ್ತಬೇಕು.

ಕಂಬದ ಮೇಲೆ ಮಾಡಬೇಕಾದ ಕೆಲಸಗಳು

ತೊಳೆಯುವುದು: ಎರೆ ಮಣ್ಣು ಹಸಿಯಾಗಿರುವಾಗಲೇ ಕಟ್ಟಿಗೆಯ ಚಕ್ಕೆಯಿಂದ ಕೆರೆದು ಬಟ್ಟೆಯಿಂದ ಒರೆಸಿ. ಚಕ್ರದ ಹಬ್ಬಿಗೆ ನೀರನ್ನು ರಭಸದಿಂದ ಬಿಡಬಾರದು. ಒಳಗಿನ ಗ್ರೀಸು ತೊಳೆದುಹೋಗುತ್ತದೆ. ಇದೇ ಕಾರಣಕ್ಕೆ ಹಬ್ಬಿಗೆ ಸೀಮೆಎಣ್ಣೆಯನ್ನೂ ಬಿಡಬಾರದು.

ಚೈನು: ಚೈನನ್ನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ, ಒಣಗಿದ ಮೇಲೆ ಪೆಡಲು ಹಿಂದಕ್ಕೆ ತಿರುಗಿಸುತ್ತ ಪ್ರತಿ ಕೊಂಡಿಗೆ ಒಂದು ಹನಿ ಎಣ್ಣೆ ಬಿಡಿ. ಹೊರಗೆ ಉಳಿದ ಎಣ್ಣೆಯನ್ನು ಒರೆಸಿಬಿಡಿ. ಎಣ್ಣೆ ಹೆಚ್ಚಾದಷ್ಟೂ ದೂಳು ಹಿಡಿಯುತ್ತದೆ. ಚೈನಿನ ನಡುಭಾಗವನ್ನು ಬೆರಳಿನಿಂದ ಒತ್ತಿದರೆ ಅರ್ಧದಿಂದ ಮುಕ್ಕಾಲು ಅಂಗುಲ ಆಡಬೇಕು. ಹೆಚ್ಚು ಆಡಿದರೆ ಹಿಂದಿನ ಚಕ್ರದ ನಟ್ಟು ಸಡಿಲಿಸಿ ಚಕ್ರವನ್ನು ಹಿಂದಕ್ಕೆ ಎಳೆದು, ಚೌಕಟ್ಟಿನ ನಡುವೆ ನೆಟ್ಟಗಿರುವುದನ್ನು ನೋಡಿ ಬಿಗಿಯಿರಿ.

ಪಂಚರು: ಹಿಂದಿನ ಚಕ್ರವನ್ನು ಕಳಚದೆಯೇ ಟೈರಿನ ಒಂದು ಬದಿಯನ್ನು ಬಿಡಿಸಿ ಟ್ಯೂಬು ಹೊರಗೆಳೆಯಬಹುದು. ನೀರಿನ ಬುಟ್ಟಿಯನ್ನು ಸ್ಟೂಲಿನ ಮೇಲಿಟ್ಟರೆ ಬಗ್ಗುವ ಕಷ್ಟವಿಲ್ಲ. ತೂತು ಸಿಕ್ಕ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಅಂಟುವಷ್ಟು ಆರಿದ ಮೇಲೆಯೇ ತೇಪೆ ಹಾಕಿ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಿ. ಮುರಿದ ಜಾಲಿ ಮುಳ್ಳು ಅಲ್ಲೇ ಉಳಿದಿದ್ದರೆ ಮರುದಿನ ಅದೇ ಪಂಚರು.

ಚಕ್ರದ ಓಲಾಟ: ನಮ್ಮ ಸಾದಾ ಸೈಕಲ್ಲಿನ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳಿರುತ್ತವೆ. ಒಂದು ಕಸಬರಿಗೆ ಕಡ್ಡಿಯನ್ನು ಚೌಕಟ್ಟಿಗೆ ಕಟ್ಟಿ ಅದರ ತುದಿ ರಿಮ್ಮಿಗೆ ತಾಗುವಷ್ಟು ಹತ್ತಿರ ಇಡಿ. ಚಕ್ರ ತಿರುಗಿಸಿದಾಗ ರಿಮ್ಮು ಎಲ್ಲಿ ತಾಗುತ್ತದೋ ಅಲ್ಲಿ ಎದುರು ಬದಿಯ ಕಡ್ಡಿಯ ನಿಪ್ಪಲನ್ನು ಕಾಲು ಸುತ್ತು ಬಿಗಿಯಿರಿ. ಮತ್ತೆ ತಿರುಗಿಸಿ ನೋಡಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬಿಗಿಯಬಾರದು.

ಬ್ರೇಕು: ಬ್ರೇಕ್ ರಬ್ಬರು ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗೆ ತಾಗಬಾರದು. ರಬ್ಬರಿನ ಮೇಲೆ ಎಣ್ಣೆ ಬಿದ್ದರೆ ಸೋಪಿನ ನೀರಿನಿಂದ ತೊಳೆಯಿರಿ. ಸವೆದು ಕಬ್ಬಿಣ ಕಾಣುವ ಮೊದಲೇ ರಬ್ಬರನ್ನು ಬದಲಿಸಿ.

ಪೆಡಲು: ಬಲಗಡೆಯ ಪೆಡಲು ಎಲ್ಲ ತಿರುಪಿನಂತೆ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಎಡಗಡೆಯದು ಇದಕ್ಕೆ ವಿರುದ್ಧ. ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಇದನ್ನು ತಿಳಿಯದೆ ಜಗ್ಗಿ ತಿರುಪಿನ ಹಲ್ಲು ಹಾಳಾದ ಸೈಕಲ್ಲುಗಳು ಬಹಳ.

ಕಂಬದ ಮೇಲೆ ಮಾಡಬಾರದ ಕೆಲಸವೂ ಒಂದಿದೆ. ಪೆಡಲಿನ ಕೈಯನ್ನು ಅಚ್ಚಿಗೆ ಹಿಡಿದಿಡುವ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬೇಕಾದರೆ ಸೈಕಲ್ಲನ್ನು ಕೆಳಗಿಳಿಸಿ, ಪೆಡಲಿನ ಕೈಯ ಕೆಳಗೆ ಗಟ್ಟಿ ಕಟ್ಟಿಗೆಯ ಆಸರೆ ಕೊಟ್ಟು ಹೊಡೆಯಬೇಕು. ಆಸರೆಯಿಲ್ಲದೆ ಹೊಡೆದರೆ ಒಳಗಿನ ಬೇರಿಂಗ್ ಗುಂಡುಗಳಿಗೂ ಬಟ್ಟಲಿಗೂ ಪೆಟ್ಟು ಬೀಳುತ್ತದೆ.

ವರ್ಷದಲ್ಲಿ ಮೂರು ಸಲ ಸೈಕಲ್ಲನ್ನು ತಪ್ಪದೆ ಕಂಬಕ್ಕೆ ಏರಿಸಬೇಕು. ಮೊದಲನೆಯದು ಮೇ ಕೊನೆಗೆ, ಮಳೆ ಮತ್ತು ಶಾಲೆ ಎರಡೂ ಆರಂಭವಾಗುವ ಮುನ್ನ. ಆಗ ಬ್ರೇಕು, ಟೈರು, ಕಡ್ಡಿ ನೋಡಬೇಕು. ಎರಡನೆಯದು ಉದ್ದು ಹೆಸರಿನ ರಾಶಿಯಾಗಿ ಹಿಂಗಾರಿ ಬಿತ್ತನೆಗೆ ಮುಂಚೆ. ಆಗ ಮಣ್ಣು ತೆಗೆದು ತುಕ್ಕು ಒರೆಸಿ ಹಬ್ಬುಗಳಿಗೆ ಹೊಸ ಗ್ರೀಸು ಹಾಕಬೇಕು. ಮೂರನೆಯದು ತೊಗರಿಯ ರಾಶಿ ಮುಗಿದ ಮೇಲೆ; ಆಗ ಚೈನಿನ ದೂಳು ತೆಗೆಯಬೇಕು.

ಶಾಲೆ ಮತ್ತು ಸಂಘಗಳಿಗೆ

ಹೂಳಲು ಜಾಗವಿಲ್ಲದ ಕಡೆ ಹಳೆಯ ಲಾರಿ ಟೈರನ್ನು ಬುಡವಾಗಿ ಉಪಯೋಗಿಸಬಹುದು. ಹುಮನಾಬಾದ್ ಹೆದ್ದಾರಿಯ ಮೇಲಿನ ಊರಾದ್ದರಿಂದ ಇಂಥ ಟೈರು ಸಿಗುವುದು ಕಷ್ಟವಲ್ಲ. ನಾಲ್ಕು ಅಡಿಯ ಕಂಬದ ಬುಡಕ್ಕೆ ಏಳೆಂಟು ಮೊಳೆಗಳನ್ನು ಅರ್ಧ ಹೊರಗೆ ಉಳಿಯುವಂತೆ ಹೊಡೆದು, ನೆಲದ ಮೇಲೆ ಮಲಗಿಸಿದ ಟೈರಿನ ನಡುವೆ ನೆಟ್ಟಗೆ ನಿಲ್ಲಿಸಿ, ಸುತ್ತ ಕಲ್ಲು ಕಾಂಕ್ರೀಟ್ ತುಂಬಿ ಹತ್ತು ದಿನ ನೀರುಣಿಸಬೇಕು. ಸೈಕಲ್ಲಿನ ಭಾರ ಬೀಳುವ ಜಾಗ ಕಂಬದ ನಡುವಿನಿಂದ 14 ಅಂಗುಲ ದೂರದಲ್ಲಿರುತ್ತದೆ. ಲಾರಿ ಟೈರಿನ ಅರ್ಧ ಅಗಲ ಅದಕ್ಕಿಂತ ಹೆಚ್ಚಿರುವುದರಿಂದ ಸ್ಟ್ಯಾಂಡು ಮಗುಚುವುದಿಲ್ಲ. ಜೀಪು, ಕಾರಿನ ಟೈರು ಇದಕ್ಕೆ ಸಾಲದು.

ಪ್ರತಿ ಮನೆಗೂ ಒಂದು ಕಂಬ ಬೇಕೆಂದೇನಿಲ್ಲ. ಒಂದು ಓಣಿಗೆ ಒಂದು ಕಂಬ, ಎರಡು ಪಾನಾ, ಒಂದು ಪಂಪು, ಒಂದು ಪಂಚರ್ ಡಬ್ಬಿ ಇದ್ದರೆ ಹತ್ತು ಮನೆಗಳ ಕೆಲಸ ನಡೆಯುತ್ತದೆ. ಸ್ವಸಹಾಯ ಸಂಘಗಳು, ಹಾಲು ಉತ್ಪಾದಕರ ಸಂಘಗಳು ಇದನ್ನು ಮಾಡಿಸಬಹುದು. ವಿಸ್ತರಣಾ ಕಾರ್ಯಕರ್ತರು ಹೈಸ್ಕೂಲಿನ ಆವರಣದಲ್ಲಿ ಒಂದು ಕಂಬ ಹಾಕಿಸಿ, ಶಾಲೆ ಆರಂಭದ ವಾರದಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ ಬಹಳ ಉಪಯೋಗ. ಆಗ ಪಾನಾವನ್ನು ಹುಡುಗರ ಕೈಗೆ ಮಾತ್ರ ಕೊಡಬಾರದು. ದಾರಿಯಲ್ಲಿ ಚೈನು ಕಳಚಿದರೆ ಹಾಕಿಕೊಳ್ಳಲು, ಪಂಚರಾದರೆ ತೇಪೆ ಹಚ್ಚಲು ಬಲ್ಲ ಹುಡುಗಿಯನ್ನು ಪಕ್ಕದ ಊರಿನ ಶಾಲೆಗೆ ಕಳಿಸಲು ತಂದೆತಾಯಿಗಳು ಹಿಂಜರಿಯುವುದಿಲ್ಲ.

ಜಾಲಿಯ ಕಟ್ಟಿಗೆ ಇಂದೇ ಕಡಿದು ನೆರಳಿನಲ್ಲಿ ಒಣಗಲು ಹಾಕಿ. ಮುಂದಿನ ಮೃಗಶಿರಕ್ಕೆ ಕೂರಿಗೆಯ ಜೊತೆ ಸೈಕಲ್ಲೂ ಸಿದ್ಧವಾಗಿರಲಿ.